ಡಿಬಿ ಫೈಲ್ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮ ಅಂಗಡಿಗೆ ಪಿಎಚ್‌ಪಿಯಲ್ಲಿ ವೆಬ್‌ಸೈಟ್ ಮಾಡಿದ್ದೇನೆ. ಡೇಟಾಬೇಸ್ ಪಾಸ್‌ವರ್ಡ್ 'ಡಿಬಿ.ಐಎನ್‌ಸಿ' ಎಂಬ ಫೈಲ್‌ನಲ್ಲಿದೆ, ಉಳಿದ ಪುಟಗಳು ಅದನ್ನು ಇನ್‌ಕ್ಲೂಡ್ ಮಾಡಿಕೊಳ್ಳುತ್ತವೆ (ತಮ್ಮೊಳಗೆ ಸೇರಿಸಿಕೊಳ್ಳುತ್ತವೆ). ಆ ಫೈಲ್‌ನ ವಿಳಾಸವನ್ನು ಬ್ರೌಸರ್‌ನಲ್ಲಿ ಟೈಪ್ ಮಾಡಿದರೆ ಇಡೀ ಕೋಡ್ ಕಾಣುತ್ತದೆ! ವರ್ಡ್‌ಪ್ರೆಸ್‌ನಲ್ಲಿರುವ ಹಾಗೆ, ಫೈಲ್‌ನ ಮೊದಲ ಸಾಲಿನಲ್ಲೇ, ಯಾರಾದರೂ ನೇರವಾಗಿ ತೆರೆದರೆ ಅಲ್ಲೇ ನಿಲ್ಲಿಸುವ ಒಂದು ಚೆಕ್ ಹಾಕು ಎನ್ನುತ್ತಾನೆ ಗೆಳೆಯ. ಅಷ್ಟು ಸಾಕಾ ಸರ್?

ಉತ್ತರ: ಸಾಲದು. ನಿಮ್ಮ ಫೈಲ್‌ನಲ್ಲಂತೂ ಆ ಚೆಕ್ ನಡೆಯುವುದೇ ಇಲ್ಲ. 'ಐಎನ್‌ಸಿ' ಎಂದು ಕೊನೆಯಾಗುವ ಫೈಲನ್ನು ಸರ್ವರ್ ಸಾಮಾನ್ಯವಾಗಿ ಪಿಎಚ್‌ಪಿ ಕೈಗೆ ಕೊಡುವುದಿಲ್ಲ, ಬರೀ ಪಠ್ಯ ಅಂದುಕೊಂಡು ಹಾಗೇ ಕಳಿಸಿಬಿಡುತ್ತದೆ. ಗೆಳೆಯ ಹೇಳಿದ ಸಾಲೂ ಪಾಸ್‌ವರ್ಡ್ ಜೊತೆಗೆ ಓದಲು ಸಿಗುತ್ತದೆ, ಅಷ್ಟೇ.

ಮೊದಲು ಪಾಸ್‌ವರ್ಡ್ ಬದಲಿಸಿ, ಇವತ್ತೇ. ನೀವು ನೋಡುವ ಮೊದಲು ಬೇರೆ ಯಾರಾದರೂ ನೋಡಿದ್ದಾರಾ ಎಂದು ಆಕ್ಸೆಸ್ ಲಾಗ್‌ನಲ್ಲಿ (ಯಾವ ಫೈಲನ್ನು ಯಾರು ಕೇಳಿದರೆಂಬ ಸರ್ವರ್ ದಾಖಲೆಯಲ್ಲಿ) ಹುಡುಕಿ.

ಆಮೇಲೆ ಆ ಫೈಲನ್ನು, ಹೊರಗಿನವರಿಗೆ ತೆರೆದಿರುವ 'ಪಬ್ಲಿಕ್_ಎಚ್‌ಟಿಎಂಎಲ್' ಫೋಲ್ಡರಿನಿಂದ ಹೊರಗೆ, ಒಂದು ಹಂತ ಮೇಲಕ್ಕೆ ಸಾಗಿಸಿ. ಬ್ರೌಸರ್ ಬರುವುದು ಯುಆರ್‌ಎಲ್ ದಾರಿಯಲ್ಲಿ, ಇನ್‌ಕ್ಲೂಡ್ ಓದುವುದು ಡಿಸ್ಕಿನ ದಾರಿಯಲ್ಲಿ. ಹೊರಗಿಟ್ಟ ಫೈಲ್‌ಗೆ ಯುಆರ್‌ಎಲ್ಲೇ ಇರುವುದಿಲ್ಲ, ಆದರೆ ನಿಮ್ಮ ಕೋಡ್‌ಗೆ ಅದು ಸಿಗುತ್ತದೆ. ಇನ್‌ಕ್ಲೂಡ್ ಸಾಲುಗಳಲ್ಲಿ ದಾರಿ ತಿದ್ದಿದರಾಯಿತು. ಲಾರಾವೆಲ್ ಎಂಬ ಪಿಎಚ್‌ಪಿ ಫ್ರೇಮ್‌ವರ್ಕ್ 'ಪಬ್ಲಿಕ್' ಎಂಬ ಒಂದೇ ಫೋಲ್ಡರನ್ನು ಹೊರಜಗತ್ತಿಗೆ ತೆರೆದಿಡುವುದೂ ಇದಕ್ಕೇ. ಹಾಗೆಯೇ ನಿಮ್ಮ ಆ ಫೈಲ್‌ನ ಹೆಸರಿನ ಕೊನೆಗೆ 'ಪಿಎಚ್‌ಪಿ' ಹಾಕಿ.

ಹೋಸ್ಟಿಂಗ್‌ನವರು ಹೊರಗಿಡಲು ಬಿಡದಿದ್ದರೆ, ಇನ್‌ಕ್ಲೂಡ್ ಫೈಲ್‌ಗಳಿಗೇ ಒಂದು ಫೋಲ್ಡರ್ ಮಾಡಿ, ಅದರೊಳಗಿನ '.ಎಚ್‌ಟಿಆಕ್ಸೆಸ್' (ಆ ಫೋಲ್ಡರಿಗೆ ಸರ್ವರ್ ಪಾಲಿಸಬೇಕಾದ ನಿಯಮಗಳ) ಫೈಲ್‌ನಲ್ಲಿ 'ರಿಕ್ವೈರ್ ಆಲ್ ಡಿನೈಡ್' (ಯಾರನ್ನೂ ಒಳಗೆ ಬಿಡಬೇಡ) ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಇದು ಅಪಾಚೆ ಎಂಬ ವೆಬ್ ಸರ್ವರ್‌ನ 2.4 ಆವೃತ್ತಿಯ ಮಾತು. ಎನ್‌ಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್ ಆ ಫೈಲನ್ನು ತಿರುಗಿಯೂ ನೋಡುವುದಿಲ್ಲ. ಅಪಾಚೆಯಲ್ಲೂ 'ಅಲೌ ಓವರ್‌ರೈಡ್' (ಆ ಫೈಲನ್ನು ಪಾಲಿಸಲು ಬಿಡುವ ಸೆಟ್ಟಿಂಗ್) ಆಫ್ ಆಗಿದ್ದರೆ ಸುಮ್ನೆ ಕಡೆಗಣಿಸುತ್ತದೆ, ದೂರೂ ಹೇಳುವುದಿಲ್ಲ. ಹಾಗಾಗಿ ಬ್ರೌಸರ್‌ನಲ್ಲಿ ತೆರೆದು 403 (ಪ್ರವೇಶವಿಲ್ಲ ಎಂಬ ಸಂದೇಶ) ಬರುತ್ತದಾ ನೋಡಲೇಬೇಕು.

ಇನ್ನು ಗೆಳೆಯನ ಸಲಹೆ. ಅದು ದಂಡವೇನಲ್ಲ. ವರ್ಡ್‌ಪ್ರೆಸ್ ಪ್ಲಗಿನ್‌ಗಳು ಇರುವುದೇ ವೆಬ್ ಫೋಲ್ಡರಿನೊಳಗೆ, ಅವುಗಳಿಗೆ 'ಎಬಿಎಸ್‌ಪಾತ್' ಚೆಕ್ (ವರ್ಡ್‌ಪ್ರೆಸ್ ಮೂಲಕವೇ ಬಂದಿದೆಯೇ ಎಂದು ನೋಡುವ, ಗೆಳೆಯ ಹೇಳಿದ ಸಾಲು) ಬೇಕು. ಇಲ್ಲದಿದ್ದರೆ ಯಾರೋ ನೇರವಾಗಿ ಕರೆದಾಗ ಎರರ್ ಬಂದು, ಸರ್ವರ್‌ನ ಫೋಲ್ಡರ್ ದಾರಿ ಬಯಲಾಗಬಹುದು. ಆದರೆ ಅದನ್ನು ಎರಡನೇ ಬೀಗವಾಗಿ ಮಾತ್ರ ಇಟ್ಟುಕೊಳ್ಳಿ. ಸರ್ವರ್ ಅಪ್‌ಗ್ರೇಡ್ ವೇಳೆ ಪಿಎಚ್‌ಪಿ ಕೈಕೊಟ್ಟರೆ 'ಪಿಎಚ್‌ಪಿ' ಫೈಲ್‌ಗಳೂ ಪಠ್ಯವಾಗಿ ಹೊರಬರಬಹುದು, ಆಗ ಚೆಕ್ ಇದ್ದೂ ಇಲ್ಲದಂತೆ.

ಸರ್ವರ್‌ನಲ್ಲೇ ಎಡಿಟ್ ಮಾಡುವ ಅಭ್ಯಾಸ ನಿಮಗಿದ್ದರೆ 'ಬಿಎಕೆ', 'ಓಲ್ಡ್' ಎಂದು ಕೊನೆಯಾಗುವ ಹಳೆಯ ಪ್ರತಿಗಳನ್ನೂ ಹುಡುಕಿ ಅಳಿಸಿ. ಅವೂ ಸಾಮಾನ್ಯವಾಗಿ ಪಠ್ಯವಾಗಿಯೇ ತೆರೆದುಕೊಳ್ಳುತ್ತವೆ.