"ಈ ಸಲದ ಕ್ಲಾಸ್ ಹೇಗಿದೆ?" ಅಂತ ಮ್ಯಾನೇಜರ್ ಕೇಳಿದರೆ

ಶಿವಮೊಗ್ಗದಿಂದ ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ಗೆ ಬಂದು ನಾಲ್ಕು ತಿಂಗಳಾಯಿತು ಅಂತ ಬರೆದಿದ್ದೀರಿ. ಡಿಸೆಂಬರ್ ಮೊದಲ ಬುಧವಾರ ಆಫೀಸಿನಲ್ಲಿ ಯಾರೂ ಕೆಲಸ ಮಾಡಲಿಲ್ಲ, ಎಲ್ಲರೂ ಫೋನ್ ಹಿಡಿದುಕೊಂಡು ಕೂತಿದ್ದರು. ಮ್ಯಾನೇಜರ್ ಬಂದು ಈ ಸಲದ ಕ್ಲಾಸ್ ಹೇಗನ್ನಿಸಿತು ಅಂದಾಗ ನೀವು ಕಂಪನಿಯ ಟ್ರೇನಿಂಗ್ ಕ್ಲಾಸ್ ಅಂದುಕೊಂಡು "ತುಂಬಾ ಉಪಯೋಗ ಆಯಿತು" ಅಂದುಬಿಟ್ಟಿರಿ. ಎಲ್ಲರೂ ನಕ್ಕರಂತೆ. ಅವರು ಕೇಳಿದ್ದು ಇಲ್ಲಿಯ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಈ ವರ್ಷ ಸೇರುವ ಹುಡುಗರ ಬಗ್ಗೆ. ಇದನ್ನೆಲ್ಲ ಕಲೀಲೇಬೇಕಾ ಅಂತ ಕೇಳಿದ್ದೀರಿ. ಜೊತೆಗೆ ಚಳಿ, ಲೈಸೆನ್ಸ್, ಅಡುಗೆ ಸಾಮಾನು, ಊರಿನ ನೆನಪು ಯಾವಾಗ ಕಡಿಮೆ ಆಗುತ್ತದೆ ಅಂತೆಲ್ಲ ಕೇಳಿದ್ದೀರಿ.

ಸಣ್ಣವನ್ನು ಮೊದಲು ಮುಗಿಸಿಬಿಡುತ್ತೇನೆ. ಸಾಮಾನಿಗೆ ಡಬ್ಲಿನ್ ಕಡೆ ಹೋಗಿ, ಎಲ್ಲ ಸಿಗುತ್ತದೆ. ದೇವಸ್ಥಾನ ಪವೆಲ್‌ನಲ್ಲಿದೆ. ಲೈಸೆನ್ಸ್‌ಗೆ ಬರೆಯುವ ಪರೀಕ್ಷೆ ಏನೂ ಅಲ್ಲ, ಆದರೆ ಒಹಾಯೋದಲ್ಲಿ ಐದು ಕೋನ್ ನಿಲ್ಲಿಸಿ ಅವುಗಳ ನಡುವೆ ಮುಂದಕ್ಕೂ ಹಿಂದಕ್ಕೂ ಗಾಡಿ ಓಡಿಸಲು ಹೇಳುತ್ತಾರೆ, ನಮ್ಮವರು ಸೋಲುವುದು ಅಲ್ಲಿ. ನಾನೂ ಎರಡು ಸಲ ಸೋತೆ. ಹಿಮ ಬಿದ್ದ ಮೊದಲ ದಿನ ಖಾಲಿ ಪಾರ್ಕಿಂಗ್ ಲಾಟ್‌ಗೆ ಹೋಗಿ ಬ್ರೇಕ್ ಒತ್ತಿ ನೋಡಿ, ಗಾಡಿ ಎಷ್ಟು ಜಾರುತ್ತದೆ ಅಂತ ಗೊತ್ತಾಗುತ್ತದೆ. ಊರಿನ ನೆನಪಿನ ವಿಷಯ ಬಿಡಿ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಈಗ ಕ್ಲಾಸ್ ವಿಷಯ. ಕಲೀಲೇಬೇಕು ಮಾರಾಯ್ರೆ.

ನಾನು ಬಂದದ್ದು 2002ರ ನವೆಂಬರ್‌ನಲ್ಲಿ. ಸಾಗರದ ಹತ್ತಿರ ನಮ್ಮ ಊರು, ಮೈಮೇಲೆ ಇದ್ದದ್ದು ಒಂದು ಸ್ವೆಟರ್. ಹಳೇ ಬಟ್ಟೆ ಮಾರುವ ಅಂಗಡಿಯಲ್ಲಿ ಒಂದು ದಪ್ಪ ಜಾಕೆಟ್ ಆರೇ ಡಾಲರ್‌ಗೆ ಸಿಕ್ಕಿತು. ಕಡು ನೀಲಿ ಬಣ್ಣ, ಎದೆ ಮೇಲೆ ಹಳದಿಯಲ್ಲಿ ದೊಡ್ಡ 'ಎಮ್' ಅಕ್ಷರ. ಎಮ್ ಅಂದರೆ ಮಲೆನಾಡು ಅಂತ ನನಗೆ ನಾನೇ ತಮಾಷೆ ಮಾಡಿಕೊಂಡು ಹಾಕಿಕೊಂಡೆ. ಅಷ್ಟು ಒಳ್ಳೇ ಜಾಕೆಟ್ ಅಷ್ಟು ಅಗ್ಗಕ್ಕೆ ಯಾಕೆ ಕೊಟ್ಟರು ಅಂತ ಯೋಚಿಸಬೇಕಿತ್ತು. ಅದು ಮಿಷಿಗನ್ ವಿಶ್ವವಿದ್ಯಾಲಯದ ಜಾಕೆಟ್. ಆ ವಾರ ಒಹಾಯೋ ಸ್ಟೇಟ್‌ಗೂ ಮಿಷಿಗನ್‌ಗೂ ಪಂದ್ಯ. ಆ ವಾರದಲ್ಲಿ ಇಲ್ಲಿಯ ಕ್ಯಾಂಪಸ್‌ನ ಬೋರ್ಡುಗಳಲ್ಲಿ ಎಮ್ ಅಕ್ಷರದ ಮೇಲೆಲ್ಲ ಕೆಂಪು ಟೇಪ್ ಹಚ್ಚುತ್ತಾರೆ, ನೀವೂ ಈ ಸಲ ನೋಡಿರಬೇಕು. ಅಂಥಾ ವಾರದಲ್ಲಿ ನಾನು ಆ ಜಾಕೆಟ್ ಹಾಕಿಕೊಂಡು ಆಫೀಸಿನ ಒಳಗೆ ಹೋದೆ. ಲಿಫ್ಟ್‌ನಲ್ಲಿ ಯಾರೂ ಮಾತಾಡಲಿಲ್ಲ. ಬಣ್ಣದವನು ಅಂತ ಹೀಗೆ ನೋಡುತ್ತಿದ್ದಾರೆ ಅಂದುಕೊಂಡು ಇಡೀ ಬೆಳಗ್ಗೆ ಸಂಕಟಪಟ್ಟೆ. ಮಧ್ಯಾಹ್ನ ಪಕ್ಕದ ಕ್ಯೂಬಿಕಲ್‌ನ ಯಜಮಾನರೊಬ್ಬರು, ಆಗಲೇ ಅವರಿಗೆ ಐವತ್ತೈದು ದಾಟಿತ್ತು, ಕೆಳಗೆ ಹೋಗಿ ಕಾರಿನಿಂದ ತಮ್ಮ ಬೂದು ಬಣ್ಣದ ಕೋಟು ತಂದು ನನ್ನ ಕುರ್ಚಿಗೆ ಹಾಕಿ, ನೀಲಿ ಜಾಕೆಟ್ಟನ್ನು ಒಂದು ಚೀಲದಲ್ಲಿ ತುರುಕಿದರು. ಆಮೇಲೆ ಕೂತು ವಿವರಿಸಿದರು. ಆ ಶನಿವಾರ ಅವರ ಮನೆಯಲ್ಲೇ ಪಂದ್ಯ ನೋಡಿದೆ, 14-9ರಲ್ಲಿ ಗೆದ್ದೆವು. "ಗೆದ್ದೆವು" ಅಂತ ಯಾವಾಗಿನಿಂದ ಹೇಳಲು ಶುರು ಮಾಡಿದೆನೋ ನೆನಪಿಲ್ಲ. ಬಹುಶಃ ಅವತ್ತಿನಿಂದಲೇ.

ಆ ಯಜಮಾನರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಪ್ರತಿ ವರ್ಷ ಹೈಸ್ಕೂಲಿನಿಂದ ಯಾವ್ಯಾವ ಹುಡುಗರು ಒಹಾಯೋ ಸ್ಟೇಟ್‌ಗೆ ಸಹಿ ಹಾಕಿದರು, ಯಾವ ಊರು, ಯಾವ ಜಾಗದಲ್ಲಿ ಆಡುತ್ತಾರೆ, ಎಷ್ಟು ಸ್ಟಾರ್ ಅಂತ ಬರೆದಿಡುತ್ತಿದ್ದರು. ಇದೇ ನಿಮ್ಮ ಮ್ಯಾನೇಜರ್ ಕೇಳಿದ 'ಕ್ಲಾಸ್'. ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ಹುಡುಗರು, ಹದಿನೇಳು ಹದಿನೆಂಟರ ವಯಸ್ಸು. ನಮ್ಮವರಿಗೆ ಇದನ್ನು ಮದುವೆ ಮಾತಿನಲ್ಲಿ ಹೇಳಿದರೆ ಬೇಗ ಅರ್ಥ ಆಗುತ್ತದೆ. ಕೋಚ್‌ಗಳು ಹುಡುಗನ ಮನೆಗೆ ಹೋಗಿ ಅವನ ಅಮ್ಮ ಕೊಟ್ಟದ್ದನ್ನು ತಿಂದು ಹೊಗಳುತ್ತಾರೆ, ಅದು ಹೆಣ್ಣು ನೋಡುವ ಶಾಸ್ತ್ರ. ಹುಡುಗ 'ಕಮಿಟ್' ಆದರೆ ನಿಶ್ಚಿತಾರ್ಥ ಅಷ್ಟೇ, ಧಾರೆ ಆಗಿಲ್ಲ. ಸಹಿ ಹಾಕುವ ದಿನವೇ ಧಾರೆ. ಮೊದಲು ಅದು ಫೆಬ್ರವರಿಯಲ್ಲಿ ಇತ್ತು, 2017ರಿಂದ ಡಿಸೆಂಬರ್‌ನಲ್ಲೂ ಹಾಕಬಹುದು ಅಂತ ಮಾಡಿದರು, ಈಗ ಬಹುತೇಕ ಎಲ್ಲರೂ ಡಿಸೆಂಬರ್‌ನಲ್ಲೇ ಹಾಕುತ್ತಾರೆ. ನಿಶ್ಚಿತಾರ್ಥ ಮುರಿದು ಬೇರೆ ಮನೆಗೆ ಹೋದರೆ ಅದು 'ಫ್ಲಿಪ್'. ಅವತ್ತು ನಿಮ್ಮ ಆಫೀಸಿನವರು ಫೋನ್ ನೋಡುತ್ತಿದ್ದದ್ದು ಆ ಭಯಕ್ಕೆ. 2023ರ ಡಿಸೆಂಬರ್‌ನಲ್ಲಿ ಫ್ಲಾರಿಡಾದ ಜೆರೆಮಯಾ ಸ್ಮಿತ್ ಅನ್ನುವ ಹುಡುಗ ಸಹಿಯ ಕಾಗದ ಕಳಿಸುವುದನ್ನು ತಡ ಮಾಡಿದಾಗ ಇಡೀ ಕೊಲಂಬಸ್ ಊಟ ಬಿಟ್ಟಿತ್ತು. ಕೊನೆಗೆ ಸಹಿ ಬಂತು. ಮುಂದಿನ ಸೀಸನ್‌ನ ಫೈನಲ್‌ನಲ್ಲಿ, ಅಂದರೆ 2025ರ ಜನವರಿಯಲ್ಲಿ, ನೋಟರ್ ಡೇಮ್ ವಿರುದ್ಧ ಪಂದ್ಯ ಕೈಗೆ ತಂದುಕೊಟ್ಟ ದೊಡ್ಡ ಕ್ಯಾಚ್ ಹಿಡಿದವನು ಅವನೇ.

ಸ್ಟಾರ್ ಅಂದರೆ ನಮ್ಮ ಸಿಇಟಿ ರ‍್ಯಾಂಕ್ ಥರ, ಆದರೆ ಪರೀಕ್ಷೆ ಇಲ್ಲ. ಸಂತೆಯಲ್ಲಿ ಅಡಿಕೆ ನೋಡಿ ಇದು ಬೆಟ್ಟೆ, ಇದು ರಾಶಿ, ಇದು ಗೊರಬಲು ಅನ್ನುತ್ತಾರಲ್ಲ, ಹಾಗೆ ಕೈಯಲ್ಲಿ ಹಿಡಿದು ನೋಡಿದವರು ಕೊಡುವ ದರ್ಜೆ. ಐದು ಸ್ಟಾರ್ ಸಿಗುವುದು ಇಡೀ ದೇಶದಲ್ಲಿ ಸುಮಾರು ಮೂವತ್ತು ಹುಡುಗರಿಗೆ. ಎನ್‌ಎಫ್‌ಎಲ್ ಡ್ರಾಫ್ಟ್‌ನ, ಅಂದರೆ ಸಂಬಳಕ್ಕೆ ಆಡುವ ದೊಡ್ಡ ಲೀಗ್‌ನ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಸರದಿಯ, ಮೊದಲ ಸುತ್ತಿನಲ್ಲಿ ತೆಗೆದುಕೊಳ್ಳುವುದು 32 ಜನರನ್ನು, ಅದೇ ಲೆಕ್ಕ. ಸ್ಟಾರ್ ಸುಳ್ಳಲ್ಲ, ಅದನ್ನು ಹೇಳಬೇಕು. ಜಾಸ್ತಿ ಸ್ಟಾರ್ ಇದ್ದ ತಂಡಗಳೇ ಜಾಸ್ತಿ ಗೆಲ್ಲುತ್ತವೆ. ಆದರೆ ತಂಡಕ್ಕೆ ನಿಜವಾಗುವ ಲೆಕ್ಕ ಒಬ್ಬೊಬ್ಬ ಹುಡುಗನಿಗೆ ನಿಜವಾಗುವುದಿಲ್ಲ.

ನಾನು ಬಂದ ಸೀಸನ್‌ನಲ್ಲೇ ಮಾರಿಸ್ ಕ್ಲಾರೆಟ್ ಅನ್ನುವ ಒಹಾಯೋ ಹುಡುಗ, ಮೊದಲ ವರ್ಷದವನು, ಫೈನಲ್‌ನಲ್ಲಿ ಎರಡನೇ ಓವರ್‌ಟೈಮ್‌ನಲ್ಲಿ ಗೆಲುವಿನ ಟಚ್‌ಡೌನ್ ಹೊಡೆದ. ಅದಾದ ಮೇಲೆ ಒಹಾಯೋ ಸ್ಟೇಟ್‌ಗೆ ಅವನು ಇನ್ನೊಂದು ಪಂದ್ಯ ಆಡಲಿಲ್ಲ. ಇದೇ ಕೊಲಂಬಸ್‌ನ ಪಕ್ಕದ ನ್ಯೂ ಆಲ್ಬನಿಯ ಡ್ಯಾರನ್ ಲೀಗೆ ಮೂರೇ ಸ್ಟಾರ್, ಅವನು 2016ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಹೋದ. ಇನ್ನು ಜೋ ಬರೋ ಕಥೆ ಇಲ್ಲಿಯವರ ಮುಂದೆ ಎತ್ತಬೇಡಿ. ಒಹಾಯೋದ ಹುಡುಗ, 2015ರ ಕ್ಲಾಸ್, ಮೂರು ವರ್ಷ ಬೆಂಚ್ ಕಾದ, 2018ರಲ್ಲಿ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದ, 2019ರ ಸೀಸನ್‌ನಲ್ಲಿ ಕಾಲೇಜ್ ಆಟಗಾರರಲ್ಲೇ ಶ್ರೇಷ್ಠನಿಗೆ ಕೊಡುವ ಹೈಸ್‌ಮನ್ ಟ್ರೋಫಿಯನ್ನೂ ಚಾಂಪಿಯನ್‌ಶಿಪ್ಪನ್ನೂ ಗೆದ್ದ. ನಮ್ಮ ಯಜಮಾನರ ನೋಟ್‌ಬುಕ್‌ನಲ್ಲಿ ಅವನ ಹೆಸರಿನ ಮುಂದೆ "ಹೋದ" ಅಂತ ಒಂದೇ ಪದ ಇತ್ತು.

ಆ ನೋಟ್‌ಬುಕ್‌ನಲ್ಲಿ ಒಂದು ಕಾಲಂ ಯಾವಾಗಲೂ ಖಾಲಿ ಇರುತ್ತಿತ್ತು. ಸಹಿ ಆದ ನಾಲ್ಕು ವರ್ಷಕ್ಕೆ ಅದನ್ನು ತುಂಬುತ್ತಿದ್ದರು. ಅಲ್ಲಿಯವರೆಗೆ ಯಾರು ಏನೇ ಕೇಳಲಿ, ಈ ಕ್ಲಾಸ್ ಚೆನ್ನಾಗಿದೆ ಅಂತಲೂ ಹೇಳುತ್ತಿರಲಿಲ್ಲ, ಕೆಟ್ಟದು ಅಂತಲೂ ಹೇಳುತ್ತಿರಲಿಲ್ಲ. ಅದರಲ್ಲೂ ಆಫೆನ್ಸಿವ್ ಲೈನ್‌ನ ಹುಡುಗರು, ಅಂದರೆ ಮುಂದೆ ಗೋಡೆ ಥರ ನಿಂತು, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕನ್ನು ಕಾಯುವ ದೈತ್ಯರು, ಅವರು ಮೈ ಕಟ್ಟಿಕೊಳ್ಳಲು ಎರಡು ಮೂರು ವರ್ಷ ಬೇಕು. ನನಗೆ ಇದು ಚೆನ್ನಾಗಿ ಅರ್ಥ ಆಯಿತು. ನಮ್ಮ ಅಪ್ಪ ತಾಯಿಮರ ನೋಡಿ ನೋಡಿ ಗೋಟು ಆರಿಸಿ ಸಸಿ ಮಾಡುತ್ತಿದ್ದರು. ನೆಟ್ಟು ಐದಾರು ವರ್ಷ ಆಗದೆ ಫಸಲು ಇಲ್ಲ, ನಡುವೆ ಸಸಿ ಉದ್ದ ಬಂತು ಅಂತ ಯಾರಾದರೂ ಹೊಗಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು.

ಅರ್ಥ ಆಯಿತು ಅಂತ ಹೇಳಿದೆನಲ್ಲ. ಫುಟ್‌ಬಾಲ್‌ನಲ್ಲಿ ಆಯಿತು, ಮನುಷ್ಯರ ವಿಷಯದಲ್ಲಿ ಆಗಲಿಲ್ಲ.

ನಾನು ಇಲ್ಲಿ ನೆಲೆ ನಿಂತ ಮೇಲೆ, ಒಂಬತ್ತು ವರ್ಷ ಕಳೆದಿತ್ತು, ಹಾಸನದ ಕಡೆಯ ಒಬ್ಬ ಹುಡುಗನನ್ನು ನಮ್ಮ ಟೀಮಿಗೆ ಶಿಫಾರಸು ಮಾಡಿ ಕರೆಸಿದೆ. ಓದಿನಲ್ಲಿ ಮುಂದು, ಬೆಂಗಳೂರಿನಲ್ಲಿ ಒಳ್ಳೇ ಹೆಸರು. ಅವನು ವಿಮಾನ ಹತ್ತುವ ಮೊದಲೇ ನಾನು ಇಲ್ಲಿ ಎಲ್ಲರ ಹತ್ತಿರ "ಫೈವ್ ಸ್ಟಾರ್ ತರಿಸಿದ್ದೇನೆ ನೋಡಿ" ಅಂತ ಹೇಳಿಕೊಂಡು ತಿರುಗಿದೆ. ಅಕ್ಟೋಬರ್‌ನಲ್ಲಿ ಬಂದ. ಮೊದಲ ತಿಂಗಳು ದಿನಾ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ, ನಮ್ಮ ಮನೆಯಲ್ಲೇ ಊಟ. ಆಮೇಲೆ ಮೀಟಿಂಗ್‌ಗಳಲ್ಲಿ ಅವನು ಬಾಯಿ ಬಿಡುತ್ತಿಲ್ಲ ಅಂತ ಗೊಣಗಾಟ ಶುರುವಾಯಿತು. ಇಲ್ಲಿಯ ಇಂಗ್ಲಿಷ್ ಅವನ ಕಿವಿಗೆ ಹತ್ತುತ್ತಿರಲಿಲ್ಲ, ಸಂಜೆ ಐದಕ್ಕೆಲ್ಲ ಕತ್ತಲು, ರಾತ್ರಿ ನಿದ್ದೆ ಇಲ್ಲ. ಅದೆಲ್ಲ ನನಗೆ ಗೊತ್ತಿತ್ತು, ನನಗೂ ಆಗಿತ್ತಲ್ಲ. ಆದರೂ ನನಗೆ ಬಂದದ್ದು ಕನಿಕರ ಅಲ್ಲ, ಸಿಟ್ಟು. ನನ್ನ ಮರ್ಯಾದೆ ಹೋಗುತ್ತಿದೆ ಅನ್ನಿಸಿತು. ಜನವರಿಯಲ್ಲಿ ಮ್ಯಾನೇಜರ್ ಕರೆದು ನಿನ್ನ ಹುಡುಗ ಹೇಗೆ ಅಂತ ಕೇಳಿದಾಗ ಇನ್ನೂ ಸ್ವಲ್ಪ ಸಮಯ ಕೊಡಿ ಅಂದಿದ್ದರೆ ಕೊಡುತ್ತಿದ್ದರು, ಕೆಟ್ಟವರೇನಲ್ಲ. ನಾನು ಅಂದದ್ದು ಬೇರೆ. "ನಾನೂ ಅವನನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ."

ಅಲ್ಲಿಂದ ಬೆಳಗ್ಗೆ ಅವನ ಮನೆ ಮುಂದೆ ಕಾರು ನಿಲ್ಲಿಸುವುದನ್ನೂ ಬಿಟ್ಟೆ, ಕೆಲಸ ಜಾಸ್ತಿ ಅಂತ ಸುಳ್ಳು ಹೇಳಿದೆ. ಅವನು ಎರಡು ಬಸ್ ಬದಲಿಸಿ ಬರುತ್ತಿದ್ದ. ಮೇ ತಿಂಗಳಲ್ಲಿ ವಾಪಸ್ ಹೋದ. ಏರ್‌ಪೋರ್ಟ್‌ಗೆ ಬಿಡುತ್ತೇನೆ ಅಂದೆ, ಬೇಡ ಸರ್, ಟ್ಯಾಕ್ಸಿ ಹೇಳಿದ್ದೇನೆ ಅಂದ. ಮೊದಲೆಲ್ಲ ಅಣ್ಣ ಅನ್ನುತ್ತಿದ್ದವನು. ಪ್ರತಿ ಯುಗಾದಿಗೆ ಇವತ್ತಿಗೂ ಶುಭಾಶಯ ಕಳಿಸುತ್ತಾನೆ, ನಾನೂ ಕಳಿಸುತ್ತೇನೆ, ಇಬ್ಬರೂ ಅಷ್ಟಕ್ಕೇ ನಿಲ್ಲಿಸುತ್ತೇವೆ.

ಇದನ್ನು ನಿಮಗೆ ಯಾಕೆ ಹೇಳಿದೆ ಅಂದರೆ, ನಿಮ್ಮ ಪತ್ರದ ಕೊನೆಯಲ್ಲಿ "ಇಲ್ಲಿಗೆ ಬಂದ ಮೇಲೆ ನಾನು ದಡ್ಡ ಅನ್ನಿಸುತ್ತಿದೆ" ಅಂತ ಒಂದು ಸಾಲು ಇತ್ತು. 2018ರಲ್ಲಿ ಎಲ್ಲ ಕಾಲೇಜಿಗೂ ಒಂದು ನಿಯಮ ಬಂತು, ಹೊಸ ಹುಡುಗನನ್ನು ಮೊದಲ ವರ್ಷ ನಾಲ್ಕು ಪಂದ್ಯದವರೆಗೆ ಆಡಿಸಿದರೂ ಅವನಿಗೆ ಆಡಲು ಸಿಗುವ ವರ್ಷಗಳಲ್ಲಿ ಒಂದು ಖರ್ಚಾಗುವುದಿಲ್ಲ ಅಂತ, ಅದಕ್ಕೆ 'ರೆಡ್‌ಶರ್ಟ್' ಅಂತಾರೆ. ವೀಸಾದವರಿಗೆ ಅಂಥದ್ದನ್ನು ಯಾರೂ ಕೊಡುವುದಿಲ್ಲ. ನಾವೇ ಮನಸ್ಸಿನಲ್ಲಿ ಕೊಟ್ಟುಕೊಳ್ಳಬೇಕು. ಒಂದು ವರ್ಷ ನಿಮ್ಮನ್ನು ನೀವು ಅಳೆದುಕೊಳ್ಳಬೇಡಿ, ಸುಮ್ನೆ ಕೆಲಸ ಮಾಡಿ.

ದುಡ್ಡಿನ ವಿಷಯ ಕೇಳಿದ್ದಿರಿ, ಈ ಹುಡುಗರಿಗೆ ಸಂಬಳ ಇದೆಯಾ ಅಂತ. ಮೊದಲು ಇರಲಿಲ್ಲ, ಫೀಸು ಊಟ ರೂಮು ಅಷ್ಟೇ. 2021ರ ಜುಲೈನಿಂದ ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ಸಂಪಾದಿಸಬಹುದು ಅಂತ ಆಯಿತು. 2025ರಿಂದ ಕಾಲೇಜೇ ನೇರವಾಗಿ ಕೊಡಬಹುದು, ಒಂದು ಕಾಲೇಜಿಗೆ ಎಲ್ಲ ಆಟ ಸೇರಿ ಮೊದಲ ವರ್ಷ ಸುಮಾರು 2 ಕೋಟಿ ಡಾಲರ್ ಮಿತಿ. ಜೊತೆಗೆ ಟ್ರಾನ್ಸ್‌ಫರ್ ಪೋರ್ಟಲ್ ಬಂದು, ಬೇಸರವಾದರೆ ಬೇರೆ ಕಾಲೇಜಿಗೆ ಹೋಗುವುದು ಸುಲಭ ಆಗಿದೆ. ನಾಲ್ಕು ವರ್ಷದ ಕಾಲಂ ತುಂಬುವಷ್ಟರಲ್ಲಿ ಅರ್ಧ ಹೆಸರು ಇರುವುದೇ ಇಲ್ಲ. ಯಜಮಾನರು ಆ ನೋಟ್‌ಬುಕ್ ಬರೆಯುವುದನ್ನು ನಿಲ್ಲಿಸಿದರು. ರಿಟೈರ್ ಆಗಿ ಮಗಳ ಮನೆಯಲ್ಲಿದ್ದಾರೆ, ಫೋನ್ ಮಾಡಿದರೆ ಈಗಿನ ಹುಡುಗರಿಗೆ ತಾಳ್ಮೆ ಇಲ್ಲ ಅಂತ ಬೈಯುತ್ತಾರೆ. ನನಗೆ ಹಾಗೆ ಬೈಯಲು ಬಾಯಿ ಬರುವುದಿಲ್ಲ.

ಮ್ಯಾನೇಜರ್‌ಗೆ ಏನು ಹೇಳಬೇಕು ಅಂತ ಕೇಳಿದಿರಿ, ಅಲ್ವಾ? ಏನೂ ಹೇಳಬೇಡಿ, ವಾಪಸ್ ಕೇಳಿ. "ಆಫೆನ್ಸಿವ್ ಲೈನ್‌ಗೆ ಯಾರು ಬಂದಿದ್ದಾರೆ?" ಅಂತ ಗಂಭೀರವಾಗಿ ಕೇಳಿ. ಅರ್ಧ ಗಂಟೆ ಅವರೇ ಮಾತಾಡುತ್ತಾರೆ, ನಡುನಡುವೆ ನಿಟ್ಟುಸಿರು ಬಿಟ್ಟರೆ ಸಾಕು. ಇಲ್ಲಿ ಯಾರಿಗೂ ತಮ್ಮ ಲೈನ್ ಬಗ್ಗೆ ಸಮಾಧಾನ ಇರುವುದಿಲ್ಲ. ಆಟ ನೋಡಲು ಟಿಕೆಟ್ ದುಬಾರಿ, ಆದರೆ ಆ ಸ್ಟೇಡಿಯಂ 1922ರಿಂದ ಇದೆ, ಲಕ್ಷಕ್ಕಿಂತ ಜಾಸ್ತಿ ಜನ ಕೂರುತ್ತಾರೆ. ಒಂದು ಸಲವಾದರೂ ಹೋಗಿ. ಬ್ಯಾಂಡಿನವರು ನಡೆಯುತ್ತಾ ನಡೆಯುತ್ತಾ ಒಹಾಯೋ ಅಂತ ಬರೆಯುತ್ತಾರೆ, ಕೊನೆಗೆ ಒಬ್ಬ ದೊಡ್ಡ ಕಹಳೆ ಹೊತ್ತುಕೊಂಡು ಹೋಗಿ 'ಐ' ಅಕ್ಷರದ ಚುಕ್ಕಿ ಆಗಿ ನಿಲ್ಲುತ್ತಾನೆ. ಅದನ್ನು ನೋಡಿದಾಗ ನನಗೆ ಯಾಕೋ ನಮ್ಮೂರ ಮಾರಿಜಾತ್ರೆ ನೆನಪಾಗಿ ಕಣ್ಣಲ್ಲಿ ನೀರು ಬಂದಿತ್ತು.

ಈ ಶನಿವಾರ ಮನೆಗೆ ಬನ್ನಿ. ನಮ್ಮ ಮನೆಯವರು ಅಕ್ಕಿ ರೊಟ್ಟಿ ಮಾಡುತ್ತಾರೆ, ಅಮ್ಮ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಇನ್ನೂ ಸ್ವಲ್ಪ ಉಳಿದಿದೆ. ಕಾರು ಇಲ್ಲ ಅಂತ ಸಂಕೋಚ ಬೇಡ, ಹನ್ನೊಂದಕ್ಕೆ ನಾನೇ ಬರುತ್ತೇನೆ, ವಿಳಾಸ ಕಳಿಸಿ. ಚಳಿಗೆ ಜಾಕೆಟ್ ತಗೊಂಡೆ ಅಂತ ಬರೆದಿದ್ದೀರಿ, ಬಣ್ಣ ಬರೆದಿಲ್ಲ. ನೀಲಿ ಆಗಿದ್ದರೆ ಹೇಳಿ, ಆ ಬೂದು ಕೋಟು ಇನ್ನೂ ನನ್ನ ಹತ್ತಿರವೇ ಇದೆ, ಬರುವಾಗ ತರುತ್ತೇನೆ.