ಹೊಸ ಮರಿ ತರುವ ಮುಂಚೆ ಬೇರೆ ಜಾಗ ಮಾಡಿ

ಪ್ರಶ್ನೆ: ಡಾಕ್ಟ್ರೇ, ನಾವು ಬಾಗಲಕೋಟೆ ಕಡೆಯವರು. ಗೋವಾದ ವಾಸ್ಕೋ ಹತ್ತಿರ ಜುವಾರಿನಗರದಲ್ಲಿದ್ದೇವೆ. ಮನೆ ಹಿಂದೆ ತಗಡಿನ ಶೆಡ್ ಹಾಕಿ, ಬೀದಿಯಲ್ಲಿ ಗಾಯವಾಗಿ ಬಿದ್ದಿದ್ದ 11 ನಾಯಿಗಳನ್ನು ಸಾಕಿದ್ದೇವೆ. ಹೋದ ತಿಂಗಳು ಯಾರೋ ಗೇಟಿನ ಹತ್ತಿರ ಬಿಟ್ಟುಹೋದ ಮೂರು ಮರಿಗಳು ರಕ್ತಭೇದಿಯಾಗಿ ಸತ್ತವು. ಶೆಡ್ಡನ್ನು ದಿನಾ ಫಿನೈಲ್ ಹಾಕಿ ತೊಳೆಯುತ್ತೇನೆ. ಈಗ ಇನ್ನೂ ನಾಲ್ಕು ಮರಿ ತಗೊಳ್ಳಿ ಅಂತ ಫೋನ್ ಬಂದಿದೆ. ತಾಯಿನಾಯಿ ಜೊತೆಗಿದೆಯಂತೆ. ತಗೊಳ್ಳಲಾ?

ಉತ್ತರ: ಈಗ ಬೇಡ. ಇಲ್ಲ ಅನ್ನೋದು ಕಷ್ಟ, ಗೊತ್ತು. ಆದರೆ ಸದ್ಯಕ್ಕೆ ಆ ಮರಿಗಳಿಗೆ ಬೀದಿಗಿಂತ ನಿಮ್ಮ ಶೆಡ್ಡೇ ಜಾಸ್ತಿ ಅಪಾಯ.

ನೀವು ಹೇಳಿದ್ದು ನೋಡಿದರೆ ನನಗೆ ಮೊದಲು ಅನುಮಾನ ಬರುವುದು ಪಾರ್ವೋ ಅನ್ನೋ ವೈರಸ್ ರೋಗದ ಮೇಲೆ. ಮರಿ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಆಮೇಲೆ ಕೆಟ್ಟ ನಾತದ ರಕ್ತಭೇದಿ. ಈ ವೈರಸ್ ಮಲದಿಂದ ಹರಡುತ್ತದೆ. ನೆರಳು, ತೇವ ಇರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನೈಲ್‌ಗೆ ಸಾಯುವುದಿಲ್ಲ. ಇದಕ್ಕೆ ಬ್ಲೀಚ್ ಬೇಕು. ಸುಮಾರು ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ಆದರೆ ಒಂದು ಲೀಟರ್ ನೀರಿಗೆ 30 ಮಿ.ಲೀ. ಸಾಕು. ಮೊದಲು ಮಲ ತೆಗೆದು, ಸೋಪಿನಲ್ಲಿ ಉಜ್ಜಿ ತೊಳೆಯಿರಿ. ಕೊಳೆಯ ಮೇಲೇ ಬ್ಲೀಚ್ ಸುರಿದರೆ ಸುಮ್ನೆ ದಂಡ. ಹಾಕಿದ ಮೇಲೆ ನೆಲ 10 ನಿಮಿಷ ಒದ್ದೆಯಾಗಿರಲಿ, ಆಮೇಲೆ ನೀರು ಬಿಡಿ. ಟಾಯ್ಲೆಟ್ ಆಸಿಡ್ ಜೊತೆ ಮಾತ್ರ ಬೆರೆಸಲೇಬೇಡಿ, ವಿಷಗಾಳಿ ಏಳುತ್ತದೆ. ಮಣ್ಣಿನ ನೆಲವಾದರೆ ಬ್ಲೀಚಿನಿಂದಲೂ ಪೂರ್ತಿ ಶುದ್ಧವಾಗುವುದಿಲ್ಲ. ಅಲ್ಲಿ ಒಂದು ವರ್ಷದ ಮಟ್ಟಿಗೆ ಲಸಿಕೆಯಾಗದ ಮರಿ ಬಿಡಬೇಡಿ.

ಮುಂದೆ ಯಾವ ನಾಯಿ ಬಂದರೂ 14 ದಿನ ಬೇರೆ ಕಡೆ ಇರಲಿ. ಸಿಮೆಂಟ್ ನೆಲದ ಒಂದು ಪುಟ್ಟ ಕೋಣೆ ಸಾಕು. ಅದಕ್ಕೇ ಅಂತ ಒಂದು ಬಕೆಟ್, ಪೊರಕೆ, ತಟ್ಟೆ, ನಿಮಗೊಂದು ಜೊತೆ ಚಪ್ಪಲಿ ಇಡಿ. ಉಳಿದವಕ್ಕೆಲ್ಲ ಊಟ ಹಾಕಿ ಕೊನೆಗೆ ಅಲ್ಲಿಗೆ ಹೋಗಿ. ಆ ಕೋಣೆ ಖಾಲಿ ಇಲ್ಲ ಅಂದರೆ ನಿಮ್ಮಲ್ಲಿ ಜಾಗ ಇಲ್ಲ ಅಂತಲೇ ಅರ್ಥ. ಯಾರು ಎಷ್ಟೇ ಬೇಡಿಕೊಂಡರೂ ಈ ಲೆಕ್ಕ ತಪ್ಪಿಸಬೇಡಿ.

11 ನಾಯಿಗಳಿಗೂ ಪಾರ್ವೋ, ಡಿಸ್ಟೆಂಪರ್, ರೇಬೀಸ್ ಲಸಿಕೆ ಆಗಿದೆಯಾ? ಮಳೆಗಾಲಕ್ಕೆ ಮುಂಚೆ ಲೆಪ್ಟೊಸ್ಪೈರಾ ಲಸಿಕೆಯೂ ಬೇಕು. ಇಲಿಯ ಮೂತ್ರ ಬೆರೆತ ನೀರಿನಿಂದ ಆ ರೋಗ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ನಾಯಿ ಮುಟ್ಟುವ ಮನೆಯವರೆಲ್ಲ ರೇಬೀಸ್ ಮುಂಜಾಗ್ರತೆ ಲಸಿಕೆ ಹಾಕಿಸಿಕೊಳ್ಳಿ. ಆದರೂ ಕಚ್ಚಿದರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ಗುಣವಾದ ನಾಯಿಗಳನ್ನೆಲ್ಲ ಕೊನೆತನಕ ಇಟ್ಟುಕೊಳ್ಳುವುದು ಬೇಡ. 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮದ ಪ್ರಕಾರ ಸಂತಾನಹರಣ, ಲಸಿಕೆ ಆದ ಬೀದಿನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದ ನಾಯಿಗಳ ಬಗ್ಗೆ ಮಾತ್ರ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬೇರೆ ಆದೇಶ ಕೊಟ್ಟಿದೆ. ಕಾಲಿಲ್ಲದ, ಕಣ್ಣಿಲ್ಲದ ನಾಯಿಗಳಿಗೆ ನಿಮ್ಮ ಶೆಡ್ ಬೇಕು. ಅವುಗಳಿಗೆ ಜಾಗ ಉಳಿಸಿಕೊಳ್ಳಿ.

ಆ ನಾಲ್ಕು ಮರಿಗಳು ಸದ್ಯ ತಾಯಿ ಹತ್ತಿರವೇ ಇರಲಿ. ಫೋನ್ ಮಾಡಿದವರಿಗೆ ಮಳೆ ಬೀಳದ ಒಂದು ಮೂಲೆಯಲ್ಲಿ ಗೋಣಿಚೀಲ ಹಾಸಿಕೊಡಲು ಹೇಳಿ. ತಾಯಿಗೆ ದಿನಾ ಎರಡು ಹೊತ್ತು ಅನ್ನ, ಮೊಟ್ಟೆ ಹಾಕಲಿ. ಮರಿಗಳಿಗೆ ಆರರಿಂದ ಎಂಟು ವಾರ ಆದಾಗ ಮೊದಲ ಲಸಿಕೆ ಅಲ್ಲೇ ಹಾಕಿಸಿ. ಆಮೇಲೆ 16 ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಬೂಸ್ಟರ್ ಬೇಕು. ಯಾವುದಾದರೂ ಮರಿ ವಾಂತಿ ಶುರು ಮಾಡಿದರೆ ಬಾಯಿಗೆ ಹಾಲು ಸುರಿಯಬೇಡಿ. ಅದೇ ದಿನ ಡ್ರಿಪ್ ಹಾಕಿಸಲು ಕರೆದುಕೊಂಡು ಹೋಗಿ.