ಲೆಸ್ಟರ್‌ನ ಹೆಲ್ತ್ ಸೆಂಟರ್‌ನಿಂದ, ಹುಬ್ಬಳ್ಳಿಯ ತಂಗಿಗೆ

ತಂಗಿ, ಹುಬ್ಬಳ್ಳಿಯಲ್ಲಿ ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ ಮುಗಿಸಿ 3 ವರ್ಷ ಕ್ಲಿನಿಕ್‌ನಲ್ಲಿ ಕೆಲಸ ಮಾಡಿದ್ದೀರಿ, ಈಗ ಯಜಮಾನರ ಜೊತೆ ಇಂಗ್ಲೆಂಡಿಗೆ ಬಂದಿದ್ದೀರಿ. ಇಲ್ಲಿನ ಹೆಲ್ತ್ ಸೆಂಟರ್‌ನಲ್ಲಿ ಫಿಸಿಯೋ ಏನು ಮಾಡುತ್ತಾರೆ, ನಾನು ಕಲಿತದ್ದು ಸಾಕಾಗುತ್ತಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯವಳು, ಲೆಸ್ಟರ್‌ಗೆ ಬಂದು 14 ವರ್ಷವಾಯಿತು. ನಿಮ್ಮ ಓದು ಸಾಕು. ಆದರೆ ಕೆಲಸದ ರೀತಿ ಪೂರ್ತಿ ಬೇರೆ.

ನಮ್ಮ ಕಡೆ ಸೊಂಟ ನೋವು ಅಂತ ಬಂದರೆ ಮೊದಲು ಕರೆಂಟ್ ಕೊಡುವ ಐಎಫ್‌ಟಿ, ಆಮೇಲೆ ಶಬ್ದದ ಅಲೆ ಹಾಯಿಸುವ ಅಲ್ಟ್ರಾಸೌಂಡ್, ಜೊತೆಗೆ ಸೊಂಟ ಎಳೆಯುವ ಟ್ರ್ಯಾಕ್ಷನ್, ಹತ್ತು ದಿನ ಬನ್ನಿ ಅನ್ನುತ್ತೇವೆ, ಅಲ್ವಾ? ನನ್ನ ಕೋಣೆಯಲ್ಲಿ ಈ ಯಂತ್ರಗಳು ಒಂದೂ ಇಲ್ಲ. ಒಂದು ಮಂಚ, ಎರಡು ಕುರ್ಚಿ, ಕಂಪ್ಯೂಟರ್, ಮೊಣಕಾಲು ತಟ್ಟುವ ಪುಟ್ಟ ಸುತ್ತಿಗೆ, ಒಂದಿಷ್ಟು ರಬ್ಬರ್ ಬ್ಯಾಂಡ್. ಇಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಬರೆಯುವ ಸಂಸ್ಥೆ ನೈಸ್. ಅದರ 2016ರ ಮಾರ್ಗಸೂಚಿ ಸೊಂಟ ನೋವಿಗೆ ಅಲ್ಟ್ರಾಸೌಂಡ್, ಟೆನ್ಸ್ (ಇದೂ ಕರೆಂಟ್ ಕೊಡುವ ಯಂತ್ರವೇ), ಐಎಫ್‌ಟಿ, ಟ್ರ್ಯಾಕ್ಷನ್, ಬೆಲ್ಟ್ ಯಾವುದೂ ಕೊಡಬೇಡಿ ಅನ್ನುತ್ತದೆ. ವ್ಯಾಯಾಮ ಮಾಡಿಸಿ, ಮಲಗಿಸದೆ ಓಡಾಡಿಸಿ ಅನ್ನುತ್ತದೆ. ಕೈಯಿಂದ ಮಾಡುವ ಚಿಕಿತ್ಸೆಯನ್ನೂ ವ್ಯಾಯಾಮದ ಜೊತೆಗೇ ಮಾಡಬೇಕು.

ಹಾಗಾದರೆ ಉಳಿಯುವ ಕೆಲಸವೇನು? ಕೇಳುವುದು, ನೋಡುವುದು, ಹೇಳುವುದು. ಬೆನ್ನು, ಭುಜ, ಮಂಡಿ ನೋವು ಅಂತ ಫೋನ್ ಮಾಡಿದವರನ್ನು ರಿಸೆಪ್ಷನ್‌ನವರು ನೇರ ನನ್ನ ಹತ್ತಿರ ಕಳಿಸುತ್ತಾರೆ. ನನಗಿಂತ ಮುಂಚೆ ಡಾಕ್ಟರು ನೋಡಿರುವುದಿಲ್ಲ. ಅದಕ್ಕೇ ಈ ಹುದ್ದೆಗೆ ಫಸ್ಟ್ ಕಾಂಟ್ಯಾಕ್ಟ್ ಫಿಸಿಯೋ ಅಂತ ಹೆಸರು. ನೋಟ್ಸ್ ಬರೆಯುವುದೂ ಸೇರಿ ಒಬ್ಬರಿಗೆ 20 ನಿಮಿಷ. 2022ರ ಜುಲೈನಿಂದ, ಕೆಲಸಕ್ಕೆ ರಜೆ ಬೇಕಾದವರಿಗೆ ಫಿಟ್ ನೋಟ್, ಅಂದರೆ ಅನಾರೋಗ್ಯದ ಪ್ರಮಾಣಪತ್ರ ಕೂಡ ನಾವೇ ಕೊಡಬಹುದು.

ಕೇಳುವುದು ಎಷ್ಟು ದೊಡ್ಡ ವಿದ್ಯೆ ಅಂತ ನನಗೆ ತಿಳಿದ ದಿನ ಹೇಳುತ್ತೇನೆ. ಆಗ ನಾನಿನ್ನೂ ತರಬೇತಿಯಲ್ಲಿದ್ದೆ, ಪಕ್ಕದಲ್ಲಿ ಸೀನಿಯರ್ ಕೂತಿದ್ದರು. ಗೋದಾಮಿನಲ್ಲಿ ಕೆಲಸ ಮಾಡುವ ನಲವತ್ತರ ಆಸುಪಾಸಿನವರು, ಸೊಂಟ ನೋವು, ಎರಡೂ ಕಾಲಿಗೆ ಸೆಳೆತ. ಪುಸ್ತಕದಲ್ಲಿದ್ದ ಹಾಗೆ "ಸ್ಯಾಡಲ್ ನಂಬ್‌ನೆಸ್ ಇದೆಯಾ?" ಅಂತ ಕೇಳಿದೆ, ಅಂದರೆ ತೊಡೆಸಂದು, ಗುದದ ಸುತ್ತ ಜೋಮು ಇದೆಯಾ ಅಂತ. ಇಲ್ಲ ಅಂದರು. ನಾನು ಟಿಕ್ ಹಾಕಿ ಮುಂದೆ ಹೋದೆ. ಸೀನಿಯರ್ ನನ್ನನ್ನು ತಡೆದು ಮೆಲ್ಲಗೆ ಕೇಳಿದರು, "ಟಾಯ್ಲೆಟ್‌ನಲ್ಲಿ ಒರೆಸಿಕೊಳ್ಳುವಾಗ ಮೊದಲಿನ ಹಾಗೇ ಗೊತ್ತಾಗುತ್ತಾ?" ಆ ಮನುಷ್ಯ ಸುಮ್ಮನಾದರು. ಆಮೇಲೆ, ಎರಡು ದಿನದಿಂದ ಅಲ್ಲಿ ಸ್ಪರ್ಶವೇ ಸರಿಯಾಗಿ ತಿಳಿಯುತ್ತಿಲ್ಲ ಅಂದರು. ಅದು ಕಾಡಾ ಈಕ್ವೈನಾದ ಲಕ್ಷಣ. ಬೆನ್ನುಹುರಿಯ ಕೆಳಗಿನ ನರಗಳ ಕಟ್ಟು ಒತ್ತಿಹೋಗಿ, ತಡವಾದರೆ ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು. ಆಗಲೇ ಆಸ್ಪತ್ರೆಗೆ ಕಳಿಸಿದೆವು. ಅವತ್ತಿನಿಂದ ನಾನು ಆ ಪ್ರಶ್ನೆಯನ್ನು ಒರೆಸಿಕೊಳ್ಳುವ ಮಾತಿನಲ್ಲೇ ಕೇಳುತ್ತೇನೆ. ನಾಚಿಕೆಯಾಗುತ್ತೆ ಅಂತ ಬಿಡಬೇಡಿ, ತಂಗಿ. ಕನ್ನಡದಲ್ಲೂ ಒಮ್ಮೆ ಬಾಯಿ ಬಿಟ್ಟು ಹೇಳಿ ಅಭ್ಯಾಸ ಮಾಡಿಕೊಳ್ಳಿ.

ಇಲ್ಲಿನವರ ಮಾತಿಗೂ ಕಿವಿ ಹೊಂದಿಕೊಳ್ಳಬೇಕು. ರಾತ್ರಿಯೆಲ್ಲ ನಿದ್ದೆ ಇಲ್ಲದವರೂ "ನಾಟ್ ಟೂ ಬ್ಯಾಡ್" ಅನ್ನುತ್ತಾರೆ. ಅದನ್ನು ನಂಬಿ ಬರೆದುಕೊಂಡರೆ ಕೆಟ್ಟಿತು. ಬಟ್ಟೆ ಹಾಕಿಕೊಳ್ಳಲು ಎಷ್ಟು ಹೊತ್ತು ಬೇಕು, ಸಾಕ್ಸ್ ಯಾರು ಹಾಕಿದರು ಅಂತ ಕೇಳಿ, ನಿಜ ಹೊರಗೆ ಬರುತ್ತದೆ. ವಯಸ್ಸಾದವರು "ಮೀ ಡಕ್" ಅಂದರೆ ಅದು ಈ ಕಡೆಯ ಪ್ರೀತಿಯ ಕರೆ.

ಲೆಸ್ಟರ್‌ನಲ್ಲಿ ಗುಜರಾತಿಗಳು ಜಾಸ್ತಿ. ಎಪ್ಪತ್ತು ದಾಟಿದ ಒಬ್ಬ ಅಜ್ಜಿಗೆ ಯಾರೋ ಮಂಡಿ ಸವೆದುಹೋಗಿದೆ ಅಂದಿದ್ದರಂತೆ. ಇನ್ನಷ್ಟು ಸವೆಯುತ್ತೆ ಅಂತ ಹೆದರಿ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದರು. ಎದೆಯ ಮೇಲೆ ಕೈ ಕಟ್ಟಿಸಿ ಕುರ್ಚಿಯಿಂದ ಎದ್ದು ಕೂರಿಸಿದೆ. 30 ಸೆಕೆಂಡಿಗೆ 6 ಸಲ. ಹಾಳೆಯಲ್ಲಿ ಚಿತ್ರ ಕೊಟ್ಟರೆ ಫ್ರಿಜ್ ಮೇಲೇ ಉಳಿಯುತ್ತೆ ಅಂತ ಗೊತ್ತಿತ್ತು. ಅದಕ್ಕೆ, ಚಹಾದ ನೀರು ಕುದಿಯುವವರೆಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ, ಟಿವಿಯಲ್ಲಿ ಜಾಹೀರಾತು ಬಂದಾಗಲೆಲ್ಲ ಐದು ಸಲ ಎದ್ದು ಕೂರಿ ಅಂದೆ. ಎಂಟು ವಾರ ಬಿಟ್ಟು ಬಂದಾಗ 11 ಸಲ ಎದ್ದರು. ನೋವು ಪೂರ್ತಿ ಹೋಗಿರಲಿಲ್ಲ, ಹೆದರಿಕೆ ಹೋಗಿತ್ತು. ದೇವಸ್ಥಾನದ ಮೆಟ್ಟಿಲು ಒಬ್ಬರೇ ಹತ್ತಿದೆ ಅಂತ ಪ್ರಸಾದ ತಂದಿದ್ದರು. ನನಗೆ ಕಣ್ಣು ತುಂಬಿ ಬಂತು.

ಇನ್ನು ನಿಮ್ಮ ವಿಷಯ. ಇಲ್ಲಿ ಫಿಸಿಯೋಗಳನ್ನು ನೋಂದಾಯಿಸುವ ಸಂಸ್ಥೆ ಎಚ್‌ಸಿಪಿಸಿ. ಅದರ ನೋಂದಣಿ ಆಗುವವರೆಗೆ ಫಿಸಿಯೋಥೆರಪಿಸ್ಟ್ ಅಂತ ಹೇಳಿಕೊಳ್ಳಬೇಡಿ, ಇಲ್ಲಿ ಅದು ಕಾನೂನಿನ ರಕ್ಷಣೆ ಇರುವ ಹೆಸರು. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಒಟ್ಟು 7, ಯಾವ ಭಾಗದಲ್ಲೂ 6.5ಕ್ಕೆ ಕಡಿಮೆ ಇರಬಾರದು. ಕಾಯುವ ಹೊತ್ತಿನಲ್ಲಿ ರಿಹ್ಯಾಬ್ ಅಸಿಸ್ಟೆಂಟ್, ಅಂದರೆ ಫಿಸಿಯೋಗಳ ಸಹಾಯಕರ ಕೆಲಸಕ್ಕೆ ಅರ್ಜಿ ಹಾಕಿ. ವಾರ್ಡಿನಲ್ಲಿ ಆರು ತಿಂಗಳು ಇದ್ದರೆ ಇಲ್ಲಿನ ಮಾತು, ನೋಟ್ಸ್ ಬರೆಯುವ ರೀತಿ ಎಲ್ಲ ಬರುತ್ತದೆ. ನೋಂದಣಿ ಆದ ಮೇಲೆ ಬ್ಯಾಂಡ್ 5ರಿಂದ (ಬ್ಯಾಂಡ್ ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಸಂಬಳದ ದರ್ಜೆ) ಶುರು ಮಾಡಿದರೂ ಬೇಜಾರು ಬೇಡ. ನನ್ನಂಥ ಹುದ್ದೆ ಸಾಮಾನ್ಯವಾಗಿ ಬ್ಯಾಂಡ್ 7, ಅದಕ್ಕೆ ಕೆಲವು ವರ್ಷದ ಅನುಭವ ಬೇಕೇ ಬೇಕು.

ನೋಂದಣಿಗೆ ಬೇಕಾದ, ನೀವು ಓದಿದ ಕೋರ್ಸಿನ ವಿವರದ ಫಾರಂ ಕಾಲೇಜಿನವರೇ ತುಂಬಿಕೊಡಬೇಕು. ಈ ವಾರವೇ ಮೇಲ್ ಹಾಕಿ. ಊರಲ್ಲಿ ಅಣ್ಣನೋ ತಮ್ಮನೋ ಇದ್ದರೆ ಒಮ್ಮೆ ಕಾಲೇಜಿನ ಆಫೀಸಿಗೆ ಹೋಗಿ ಬರಲಿ. ನನಗೆ ಒಂದು ಸಹಿ, ಒಂದು ಸೀಲಿಗೆ 4 ತಿಂಗಳು ಹಿಡಿಯಿತು.